ದೀಪ ಹಚ್ಚುವ ಹೊತ್ತು

ಮಂಗಳವಾರ ಸಂಜೆಯಿಂದ ಅದೇ ಕಣ್ಣ ಮುಂದೆ ಬರುತ್ತಿದೆ. ಗಂಡು ಮೀನು ಮೆಲ್ಲಗೆ ಬಂತು, ಬಾಯಿ ತೆರೆಯಿತು, ಒಂದು ಮರಿ ಒಳಗೆ ಹೋಯಿತು. ಆಮೇಲೆ ಇನ್ನೊಂದು.

ನನ್ನ ಟ್ಯಾಂಕಿನ ಕನ್ವಿಕ್ಟ್ ಸಿಕ್ಲಿಡ್ ಜೋಡಿ. ಸಿಕ್ಲಿಡ್ ಅಂದರೆ ಮೀನುಗಳ ಒಂದು ದೊಡ್ಡ ಕುಟುಂಬ. ಮೈ ತುಂಬ ಕಪ್ಪು ಪಟ್ಟೆ ಇರುವುದಕ್ಕೆ ಜೀಬ್ರಾ ಅಂತಲೂ ಕರೆಯುತ್ತಾರೆ. ಮಧ್ಯ ಅಮೆರಿಕದ ಹೊಳೆಗಳ ಮೀನು. ಹೆಣ್ಣು ಗಂಡಿಗಿಂತ ಚಿಕ್ಕದು, ಆದರೆ ಹೊಟ್ಟೆಯ ಮೇಲಿನ ಕಿತ್ತಳೆ ಬಣ್ಣ ಅವಳಿಗೇ ಸೇರಿದ್ದು. ಟ್ಯಾಂಕಿನಲ್ಲಿ ಒಂದು ಮಣ್ಣಿನ ಕುಂಡ ಅಡ್ಡ ಮಲಗಿಸಿಟ್ಟಿದ್ದೆ, ಅದರೊಳಗೇ ಮೊಟ್ಟೆ ಇಟ್ಟಳು. ನೀರು 27 ಡಿಗ್ರಿ ಇತ್ತು, 3ನೇ ದಿನ ಒಡೆದವು. ಇನ್ನೂ 5 ದಿನ ಮರಿಗಳು ಹೊಟ್ಟೆಗಂಟಿದ ಹಳದಿ ಚೀಲ ಹೊತ್ತುಕೊಂಡು ಅಪ್ಪ ಅಮ್ಮ ತಳದಲ್ಲಿ ತೋಡಿದ ಗುಂಡಿಯಲ್ಲೇ ಮಿಜಿಗುಟ್ಟಿದವು, ಆಮೇಲೆ ಈಜಿದವು. ಅಮ್ಮ ರೆಕ್ಕೆ ಬಡಿದು ತಳದ ಕಸ ಎಬ್ಬಿಸುತ್ತಾಳೆ, ಅದರಲ್ಲಿ ಸಿಕ್ಕಿದ್ದನ್ನು ಮರಿಗಳು ಹೆಕ್ಕಿ ತಿನ್ನುತ್ತವೆ. ಅದನ್ನು ನೋಡುತ್ತಾ ಕೂತರೆ ಕುಕ್ಕರ್ ಎಷ್ಟು ಸಲ ಕೂಗಿತು ಅನ್ನುವುದೂ ಗೊತ್ತಾಗುತ್ತಿರಲಿಲ್ಲ.

ಮಂಗಳವಾರ ಗಾಬರಿಯಲ್ಲಿ ಅಂಗಡಿಗೆ ಫೋನ್ ಮಾಡಿದೆ. "ಅಣ್ಣಾ, ಗಂಡು ಮರಿ ತಿಂತಿದೆ."

"ತೆಗೆದುಬಿಡಿ ಮೇಡಂ. ಗಂಡು ಅಷ್ಟೇ."

ತೆಗೆದೆ. ಬಕೆಟ್ಟಿಗೆ ಹಾಕಿ ಗಾಳಿ ಪೈಪು ಬಿಟ್ಟೆ. ಆ ಅಣ್ಣ ಕೆಟ್ಟವರಲ್ಲ, ಆದರೆ ಮೀನು ಮಾರುವವರಿಗೆ ಕೂತು ನೋಡುವಷ್ಟು ಹೊತ್ತು ಸಿಗುವುದಿಲ್ಲ. ನನಗೆ ಹೊತ್ತಿತ್ತು, ಆದರೂ ನೋಡಲಿಲ್ಲ.

ಬೆಳಗ್ಗೆ ಎದ್ದರೆ ಅರ್ಧಕ್ಕರ್ಧ ಮರಿ ಇಲ್ಲ. ಅದೇ ಟ್ಯಾಂಕಿನಲ್ಲಿದ್ದ ಬೇರೆ ಜಾತಿಯ ಮೀನುಗಳು, ಟೈಗರ್ ಬಾರ್ಬ್‌ಗಳು, ಇಷ್ಟು ದಿನ ಮೂಲೆ ಬಿಟ್ಟು ಅಲ್ಲಾಡಿರಲಿಲ್ಲ. ಅಲ್ಲಾಡಲು ಗಂಡು ಬಿಟ್ಟಿರಲಿಲ್ಲ. ಈಗ ಅವಳು ಒಂದನ್ನು ಅಟ್ಟಿಸಿಕೊಂಡು ಹೋದರೆ ಆ ಕಡೆಯಿಂದ ಇನ್ನೆರಡು ನುಗ್ಗುತ್ತಿದ್ದವು. ಒಬ್ಬಳೇ ಎಷ್ಟು ಕಡೆ ಓಡಿಯಾಳು? ಬಾರ್ಬ್‌ಗಳನ್ನು ಹಿಡಿದು ಬೇರೆ ಬಕೆಟ್ಟಿಗೆ ಹಾಕುವಾಗ ನನ್ನ ಕೈ ನಡುಗುತ್ತಿತ್ತು.

ಬುಧವಾರ ಸಂಜೆ ಅವಳೂ ಅದನ್ನೇ ಮಾಡಿದಳು. ಬಂದಳು, ಬಾಯಿ ತೆರೆದಳು, ಮರಿ ಒಳಗೆ ಹೋಯಿತು. ನಾನು ಈ ಸಲ ಉಸಿರು ಬಿಗಿಹಿಡಿದು ನೋಡಿದೆ. ನೇರ ಗುಂಡಿಗೆ ಹೋಗಿ ಉಗುಳಿದಳು. ಮರಿ ಹಾಗೇ ಇದೆ, ಜೀವಂತ! ಕತ್ತಲಾಗುವ ಮುಂಚೆ ಚೆದುರಿದವನ್ನೆಲ್ಲ ಒಂದು ಕಡೆ ಸೇರಿಸುತ್ತಿದ್ದಳು, ಅಷ್ಟೇ. ಗಂಡು ಮಾಡಿದ್ದೂ ಅದನ್ನೇ ಅಲ್ವಾ?

ಸಿಕ್ಲಿಡ್‌ಗಳು ಹೆದರಿದರೆ, ಮೊದಲ ಸಲವಾದರೆ ಮೊಟ್ಟೆ ಮರಿ ತಿನ್ನುವುದೂ ಉಂಟು. ಆದರೆ ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್ ತಾಯಂದಿರು ಸುಮಾರು 3 ವಾರ ಮೊಟ್ಟೆಮರಿಗಳನ್ನು ಬಾಯಲ್ಲೇ ಕಾಯುತ್ತವೆ ಅಂತಲೂ ನನಗೆ ಗೊತ್ತಿತ್ತು. ನಮ್ಮ ಕರಾವಳಿಯ ಕರಿಮೀನೂ ಸಿಕ್ಲಿಡ್ಡೇ, ಅಲ್ಲೂ ಅಪ್ಪ ಅಮ್ಮ ಇಬ್ಬರೂ ಮರಿ ಕಾಯುತ್ತಾರೆ. ಇಷ್ಟೆಲ್ಲ ಗೊತ್ತಿದ್ದೂ ಗಂಡಿನ ಬಾಯಿ ಕಂಡ ಕೂಡಲೇ ತಿನ್ನುತ್ತಿದೆ ಅಂದುಕೊಂಡೆನಲ್ಲ.

ನಮ್ಮಪ್ಪ ದೀಪ ಹಚ್ಚುವ ಹೊತ್ತಿಗೆ ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದರು. ಕುಂಟೆಬಿಲ್ಲೆ ಅರ್ಧಕ್ಕೇ ನಿಲ್ಲಿಸಿ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋಗುತ್ತಿದ್ದರು. ಮಾತಿಲ್ಲ, ನಗುವಿಲ್ಲ. ಗೆಳತಿಯರ ಮುಂದೆ ಅಳು ಬರುತ್ತಿತ್ತು. ಅಪ್ಪನಿಗೆ ನಾವು ಖುಷಿಯಾಗಿರುವುದೇ ಇಷ್ಟವಿಲ್ಲ ಅಂತ ಅಮ್ಮನ ಹತ್ತಿರ ಹೇಳಿದ್ದೆ. ಅದು ಅವರ ಕಿವಿಗೂ ಬಿದ್ದಿತ್ತು. ಈ ವಾರ ಅದು ಎಷ್ಟು ಸಲ ನೆನಪಾಯಿತೋ.

ಗುರುವಾರ ಗಂಡನ್ನು ವಾಪಸ್ ಬಿಟ್ಟೆ. ಅವಳು ಕಿವಿರು ಅಗಲಿಸಿ ಎದುರು ನಿಂತಳು, ಪಟ್ಟೆಗಳು ಇನ್ನೂ ಕಪ್ಪಾದವು. ಬಲೆ ಹಿಡಿದುಕೊಂಡೇ ನಿಂತಿದ್ದೆ. ಇಬ್ಬರೂ ಪಕ್ಕಪಕ್ಕ ನಿಂತು ಸ್ವಲ್ಪ ಹೊತ್ತು ಬಾಲ ಬಡಿದರು. ಆಮೇಲೆ ಅವನು ಏನೂ ಆಗಿಲ್ಲ ಅನ್ನುವ ಹಾಗೆ ಬಾರ್ಬ್‌ಗಳಿದ್ದ ಮೂಲೆಗೆ ಹೋಗಿ ಕಾವಲು ನಿಂತ.

ನಿನ್ನೆ ಎಣಿಸಿದೆ, 34 ಮರಿ. ಸಂಜೆ ಲೈಟ್ ಹಾಕದೆ ಕೂತಿದ್ದೆ. ಒಂದು ಮರಿ ಫಿಲ್ಟರ್ ಹಿಂದೆ ಸೇರಿಕೊಂಡಿತ್ತು. ಅವನು ಹೋದ, ಬಾಯಲ್ಲಿ ಹಿಡಿದ, ಕೆನ್ನೆ ಉಬ್ಬಿಸಿಕೊಂಡು ಇಡೀ ಟ್ಯಾಂಕ್ ದಾಟಿ ಬಂದು ಗುಂಡಿಯಲ್ಲಿ ಉಗುಳಿದ. ಮತ್ತೆ ಇನ್ನೊಂದಕ್ಕೆ ಹೊರಟ.