ಬಕೆಟ್‌ನಲ್ಲಿ ಸ್ಪೈಡರ್‌ಮ್ಯಾನ್

ಬೆಳಿಗ್ಗೆ ಬಚ್ಚಲಿಗೆ ಹೋದರೆ ಬಕೆಟ್ ಅಂಚಿಗೆ ಮಗನ ಸ್ಪೈಡರ್‌ಮ್ಯಾನ್ ಅಂಗಿ ಜೋತು ಬಿದ್ದಿತ್ತು. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ‘ಬಣ್ಣ ಹೋಗಂಗಿಲ್ರೀ’ ಅಂತ ಆಣೆ ಮಾಡಿ ಕೊಟ್ಟಿದ್ದು. ಈಗ ಕೆಂಪು ಹೋಗಿ ಗುಲಾಬಿ, ಎದೆ ಮೇಲಿನ ಜೇಡಕ್ಕೆ ಉಳಿದದ್ದು ನಾಲ್ಕೇ ಕಾಲು.

‘ಹರದೈತಿ, ನೆಲ ಒರಸಾಕ ಇಟ್ಟೇನಿ’ ಅಂದಳು ಅವ್ವ.

ನನಗೆ ಥಟ್ಟನೆ ಸ್ಪೈಡರ್‌ಮ್ಯಾನ್ ಕಾಮಿಕ್ಸ್‌ನ ಚಿತ್ರಕಾರ ಜಾನ್ ರೋಮಿಟಾ ನೆನಪಾದರು. 1967ರ ಐವತ್ತನೇ ಸಂಚಿಕೆಯಲ್ಲಿ ಪೀಟರ್‌ಗೆ, ಅಂದ್ರೆ ಸ್ಪೈಡರ್‌ಮ್ಯಾನ್ ವೇಷದೊಳಗಿನ ಹುಡುಗನಿಗೆ, ಎಲ್ಲ ಸಾಕಾಗಿ, ವೇಷ ಬಿಚ್ಚಿ ಕಸದ ಡಬ್ಬಿಗೆ ಹಾಕಿ, ಬೆನ್ನು ತಿರುಗಿಸಿ ಹೋಗಿಬಿಡ್ತಾನಲ್ಲ, ಆ ಚಿತ್ರ ಬರೆದವರು ಇವರೇ. ಮುಖ ಕಾಣಲ್ಲ, ಬರೀ ಬೆನ್ನು. ಸುಸ್ತಾದ ಮನುಷ್ಯ ಅಂತ ಬೆನ್ನಲ್ಲೇ ಗೊತ್ತಾಗುತ್ತೆ. 2004ರ ಸಿನಿಮಾದವರೂ ಅದನ್ನೇ ಎತ್ತಿಕೊಂಡರು.

ಮಜಾ ಅಂದ್ರೆ, ಅದಕ್ಕೂ ಮುಂಚೆ ಈ ಮನುಷ್ಯ ವರ್ಷಗಟ್ಟಲೆ ಬರೆದದ್ದು ಪ್ರೇಮಕಥೆಗಳ ಕಾಮಿಕ್ಸ್. 1966ರಲ್ಲಿ ಸ್ಪೈಡರ್‌ಮ್ಯಾನ್‌ನ ಮೊದಲ ಚಿತ್ರಕಾರ ಸ್ಟೀವ್ ಡಿಟ್ಕೊ ಬಿಟ್ಟು ಹೋದ ಜಾಗಕ್ಕೆ ಬಂದವರು, ಡಿಟ್ಕೊ ಇವತ್ತಲ್ಲ ನಾಳೆ ವಾಪಸ್ ಬರ್ತಾರೆ ಅಂದುಕೊಂಡು ಮೊದಮೊದಲು ಅವರ ಥರಾನೇ ಬರೀತಿದ್ರಂತೆ. ಅದೇ ವರ್ಷ ಪೀಟರ್‌ನ ಪ್ರೇಯಸಿಯಾಗುವ ಮೇರಿ ಜೇನ್‌ಳ ಮುಖವನ್ನು ಇವರು ಮೊದಲ ಸಲ ತೋರಿಸಿದರು ನೋಡಿ, ಪ್ರೇಮಕಥೆ ಬರೆದ ಕೈ ಅಲ್ಲಿ ಕೆಲಸಕ್ಕೆ ಬಂತು. ಬೇರೆ ಕಾಮಿಕ್ಸ್ ನಾಯಕರಾದ ವುಲ್ವರಿನ್‌ನ ವೇಷ, ಪನಿಷರ್‌ನ ಎದೆ ಮೇಲಿನ ಬುರುಡೆ, ಎಲ್ಲದರಲ್ಲೂ ಇವರ ಕೈ ಇದೆ. 2023ರಲ್ಲಿ ಹೋದರು, 93 ವರ್ಷ.

ಅಂಗಿ ಹಿಂಡಿ ಹಗ್ಗಕ್ಕೆ ಹಾಕಿದೆ.

‘ಮತ್ತ ನೆಲ ಯಾವುದರ್ಲೆ ಒರಸಲಿ?’ ಅಂತ ಅವ್ವ ನಿಂತಿದ್ದಾಳೆ.