ಸಾವಿರ ಪಾಸುಗಳೂ ಒಂದು ಪಾಸೂ

2022ರ ಡಿಸೆಂಬರ್ 6ರಂದು ಕತಾರಿನಲ್ಲಿ ನಡೆದ ಸ್ಪೇನ್–ಮೊರಾಕ್ಕೊ ವಿಶ್ವಕಪ್ ಫುಟ್‌ಬಾಲ್ ಪಂದ್ಯವನ್ನು ಕೊನೆಯವರೆಗೂ ಕೂತು ನೋಡಿದ್ದೆ. ಹೆಚ್ಚುವರಿ ಸಮಯವೂ ಸೇರಿ ಸ್ಪೇನ್ ಆಟಗಾರರು ಸಾವಿರಕ್ಕೂ ಹೆಚ್ಚು ಪಾಸುಗಳನ್ನು ಕೊಟ್ಟರು. ಗೋಲು ಮಾತ್ರ ಒಂದೂ ಬರಲಿಲ್ಲ. ಸಮಬಲ ಮುರಿಯಲು ನಡೆದ ಪೆನಾಲ್ಟಿಯಲ್ಲಿ ಸ್ಪೇನಿನ ಸರಾಬಿಯಾ ಒದ್ದ ಚೆಂಡು ಕಂಬಕ್ಕೆ ಬಡಿಯಿತು, ಸೊಲೆರ್ ಮತ್ತು ಬುಸ್ಕೆಟ್ಸ್ ಒದ್ದದ್ದನ್ನು ಗೋಲ್‌ಕೀಪರ್ ಯಾಸಿನ್ ಬೋನೊ ತಡೆದರು. 2018ರಲ್ಲಿ ಮಾಸ್ಕೋದಲ್ಲಿ ರಷ್ಯಾದ ಎದುರು ಸ್ಪೇನ್ ಸೋತದ್ದೂ ಹೀಗೆಯೇ, ಸಾವಿರ ಪಾಸುಗಳನ್ನು ದಾಟಿ, ಪೆನಾಲ್ಟಿಯಲ್ಲಿ.

ಇದಾದ ಮೇಲೆ ಪಾಸುಗಳ ಆಟದ ಕಾಲ ಮುಗಿಯಿತೆಂದು ಹಲವರು ಹೇಳತೊಡಗಿದರು. ನಾನದನ್ನು ಒಪ್ಪುವುದಿಲ್ಲ. ಆ ದಿನ ಮೊರಾಕ್ಕೊ ಆಟಗಾರರು ಮೈದಾನದ ನಡುಭಾಗವನ್ನು ಒತ್ತೊತ್ತಾಗಿ ನಿಂತು ಮುಚ್ಚಿದ್ದರು, ಡಿಫೆಂಡರುಗಳ ಮುಂದೆ ಅಮ್ರಬತ್ ಕಾವಲಿಗಿದ್ದರು. ಚೆಂಡು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಎಷ್ಟು ಸಲ ಹೋಗಿ ಬಂದರೂ ಆ ಗುಂಪು ನಾಲ್ಕು ಹೆಜ್ಜೆ ಸರಿದು ಮತ್ತೆ ಹಾಗೆಯೇ ನಿಲ್ಲುತ್ತಿತ್ತು. ಎದುರಾಳಿಯನ್ನು ಅವನ ಜಾಗದಿಂದ ಕದಲಿಸದ ಪಾಸು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಕದಲಿಸುವುದು ಎಂದರೇನೆಂದು ತಿಳಿಯಬೇಕಾದರೆ 2009ರ ಮೇ 2ರಂದು ಮ್ಯಾಡ್ರಿಡ್‌ನಲ್ಲಿ ಬಾರ್ಸಿಲೋನಾ ರಿಯಲ್ ಮ್ಯಾಡ್ರಿಡ್ ತಂಡವನ್ನು 6–2ರಿಂದ ಸೋಲಿಸಿದ ಪಂದ್ಯವನ್ನು ನೋಡಬೇಕು. ಕೋಚ್ ಗ್ವಾರ್ಡಿಯೋಲಾ ಅಂದು ಮೆಸ್ಸಿಯನ್ನು ಬಲಬದಿಯಿಂದ ನಡುವಿಗೆ ತಂದರು, ಆದರೆ ಗೋಲಿನ ಹತ್ತಿರ ನಿಲ್ಲಿಸದೆ ಹಿಂದಕ್ಕೆ, ಮೈದಾನದ ನಡುಭಾಗದಲ್ಲಿ ಆಡುವ ಚಾವಿ ಮತ್ತು ಇನಿಯೆಸ್ಟಾ ಅವರ ಬಳಿಗೆ ಸರಿಯಲು ಬಿಟ್ಟರು. ಮ್ಯಾಡ್ರಿಡ್‌ನ ಡಿಫೆಂಡರುಗಳಾದ ಕನ್ನವಾರೊ ಮತ್ತು ಮೆಟ್ಸೆಲ್ಡರ್ ಇಕ್ಕಟ್ಟಿಗೆ ಸಿಕ್ಕಿದರು: ಮೆಸ್ಸಿಯ ಬೆನ್ನುಹತ್ತಿದರೆ ಹಿಂದೆ ಬಯಲು ತೆರೆದುಕೊಳ್ಳುತ್ತದೆ, ಇದ್ದಲ್ಲೇ ಇದ್ದರೆ ಮೆಸ್ಸಿಗೆ ತಡೆಯೇ ಇಲ್ಲ. ಅವರು ಅನುಮಾನಿಸಿದ ಆ ಕ್ಷಣಗಳಲ್ಲೇ ಪಾಸುಗಳು ಅವರನ್ನು ದಾಟಿ ಹೋದವು.

ಇಂಥ ಆಟದ ಬೇರು ರೊಂಡೊ ಎಂಬ ಅಭ್ಯಾಸದಲ್ಲಿದೆ. 1988ರಲ್ಲಿ ಯೋಹಾನ್ ಕ್ರೈಫ್ ಬಾರ್ಸಿಲೋನಾದ ಕೋಚ್ ಆದ ಮೇಲೆ ಅದು ಅಲ್ಲಿನ ದಿನಚರಿಯೇ ಆಯಿತು. ಸುತ್ತ ನಿಂತ ಆಟಗಾರರು ನಡುವೆ ಓಡಾಡುವ ಇಬ್ಬರಿಗೆ ಸಿಗದಂತೆ ಒಂದೇ ಸ್ಪರ್ಶದಲ್ಲಿ ಚೆಂಡನ್ನು ದಾಟಿಸಬೇಕು. ಚೆಂಡು ಕಾಲಿಗೆ ಬರುವ ಮೊದಲೇ ಅದನ್ನು ಯಾರಿಗೆ ಕೊಡಬೇಕೆಂದು ನೋಡಿಟ್ಟುಕೊಳ್ಳದವನು ಅಲ್ಲಿ ಉಳಿಯಲಾರ.

ಇದಕ್ಕೆ ತೀರ ಎದುರಾದ ದಾರಿ ಇಂಗ್ಲೆಂಡಿನ ಉದ್ದ ಪಾಸಿನದು. 1950ರಿಂದ ಪಂದ್ಯಗಳ ಲೆಕ್ಕ ಬರೆಯುತ್ತ ಬಂದ ಚಾರ್ಲ್ಸ್ ರೀಪ್, ಹೆಚ್ಚಿನ ಗೋಲುಗಳು ಮೂರು ಅಥವಾ ಅದಕ್ಕಿಂತ ಕಡಿಮೆ ಪಾಸುಗಳಲ್ಲೇ ಬರುತ್ತವೆ, ಆದ್ದರಿಂದ ಚೆಂಡನ್ನು ಬೇಗ ಮುಂದಕ್ಕೆ ಕಳುಹಿಸಬೇಕು ಎಂದು ವಾದಿಸಿದರು. ಲೆಕ್ಕ ಸರಿಯಿದ್ದರೂ ತೀರ್ಮಾನ ತಪ್ಪಿತ್ತು, ಏಕೆಂದರೆ ಫುಟ್‌ಬಾಲಿನಲ್ಲಿ ಗೋಲಾಗದೆ ಮುಗಿಯುವ ದಾಳಿಗಳಲ್ಲೂ ಹೆಚ್ಚಿನವು ಮೂರು ಪಾಸುಗಳೊಳಗೇ ಮುಗಿದುಹೋಗುತ್ತವೆ. ಹಾಗೆಂದು ಉದ್ದ ಪಾಸನ್ನು ನಾನು ಹೀಗಳೆಯುವುದಿಲ್ಲ. ಎದುರಾಳಿಗಳು ಮುಂದೆ ನುಗ್ಗಿ ಬಂದಿರುವಾಗ ಅವರ ಬೆನ್ನ ಹಿಂದೆ ಬೀಳುವ ಚೆಂಡಿನಷ್ಟು ಅವರನ್ನು ಕದಲಿಸುವುದು ಬೇರೊಂದಿಲ್ಲ.

ಬೆಂಗಳೂರಿನವರಾದ ನಮಗೆ ಈ ಎರಡು ಶೈಲಿಗಳೂ ಕಂಠೀರವ ಕ್ರೀಡಾಂಗಣದಲ್ಲೇ ನೋಡಸಿಕ್ಕವು. ಇಂಗ್ಲೆಂಡಿನ ಆಶ್ಲೆ ವೆಸ್ಟ್‌ವುಡ್ ಕೋಚ್ ಆಗಿದ್ದಾಗ ಬೆಂಗಳೂರು ಎಫ್‌ಸಿ ಹುರುಪಿನ, ನೇರವಾದ ಆಟದಿಂದ ಎರಡು ಬಾರಿ ರಾಷ್ಟ್ರೀಯ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು. 2016ರಲ್ಲಿ ಅವರ ಜಾಗಕ್ಕೆ ಬಂದ ಆಲ್ಬರ್ಟ್ ರೋಕಾ, ಹಿಂದೆ ಬಾರ್ಸಿಲೋನಾದಲ್ಲಿ ಕೋಚ್ ರೈಕಾರ್ಡ್ ಅವರ ಸಹಾಯಕರಾಗಿದ್ದವರು. ಗೋಲ್‌ಕೀಪರ್‌ನಿಂದಲೇ ಪಾಸುಗಳ ಮೂಲಕ ಆಟ ಕಟ್ಟುವುದನ್ನು ಅವರು ತಂಡಕ್ಕೆ ಕಲಿಸಿದರು. ಆ ವರ್ಷದ ಅಕ್ಟೋಬರ್‌ನಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು 3–1ರಿಂದ ಮಣಿಸಿ, ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. ಆ ಸಂಜೆ ಎರಡು ಗೋಲು ಹೊಡೆದವರು ಸುನಿಲ್ ಛೆಟ್ರಿ.

ಇತ್ತೀಚೆಗೆ ನಮ್ಮ ಬಡಾವಣೆಯ ಮೈದಾನದಲ್ಲಿ ಹುಡುಗರು ಬೆಳಿಗ್ಗೆ ರೊಂಡೊ ಆಡುವುದನ್ನು ನಿಂತು ನೋಡಿದೆ. ಅಕ್ಕಪಕ್ಕದವರಿಗೇ ಚೆಂಡು ಕೊಟ್ಟುಕೊಳ್ಳುತ್ತ "ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು" ಎಂದು ಕೂಗುತ್ತಿದ್ದರು. ಕೋಚ್ ಆಟ ನಿಲ್ಲಿಸಿ, ನಡುವಿನ ಇಬ್ಬರ ಮಧ್ಯದಿಂದ ಹಾದುಹೋದ ಪಾಸನ್ನು ಮಾತ್ರ ಎಣಿಸಬೇಕೆಂದರು. ಅರ್ಧ ಗಂಟೆ ಕಳೆದರೂ ಎಣಿಕೆ ನಾಲ್ಕನ್ನು ದಾಟಲಿಲ್ಲ. ಆದರೆ ಚೆಂಡು ಇನ್ನೂ ದೂರದಲ್ಲಿರುವಾಗಲೇ ಹುಡುಗರ ಕತ್ತುಗಳು ಅತ್ತಿತ್ತ ಹೊರಳಿ ಸಂದಿ ಹುಡುಕತೊಡಗಿದ್ದವು.