ಜೋಡಿ ತಪ್ಪಿದ ಕಾಲಂಗಳು

ಗುರುವಾರ, 14 ನವೆಂಬರ್ 2024

ಪ್ರಬಂಧ ಒಪ್ಪಿಸುವ ಗಡುವು ಹತ್ತಿರ ಬಂತೆಂದರೆ ನನ್ನ ಕೋಣೆಯ ಮುಂದೆ ಸ್ನಾತಕೋತ್ತರ ವಿದ್ಯಾರ್ಥಿಗಳ ಸಾಲು. ಎಲ್ಲರದೂ ಒಂದೇ ಪಲ್ಲವಿ: "ಮೇಡಂ, ಪಿ ವ್ಯಾಲ್ಯೂ ಬರುತ್ತಿಲ್ಲ." ನಿಜದಲ್ಲಿ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣಿಸಿಕೊಳ್ಳುವ ಸಂಭವ ಎಷ್ಟು ಎಂಬ ಅಂಕಿಯೇ ಪಿ. ಅದು 0.05ಕ್ಕಿಂತ ಕೆಳಗಿಳಿದರೆ "ಬಂತು" ಎಂದರ್ಥ. ಇಂದು ಬಂದ ಫಿಸಿಯೋಥೆರಪಿ ಹುಡುಗನ ಕಷ್ಟ ಇದಕ್ಕೆ ತಿರುಗುಮುರುಗು. ಅವನಿಗೆ ಪಿ ಬಂದಿತ್ತು, ಅತಿಯಾಗಿಯೇ ಬಂದಿತ್ತು. ದಶಮಾಂಶ ಬಿಂದುವಿನ ಮುಂದೆ ಸೊನ್ನೆಗಳ ಮೆರವಣಿಗೆ. ಗೈಡ್‌ಗೆ ಅನುಮಾನ ಬಂದು ನನ್ನ ಬಳಿಗೆ ಕಳಿಸಿದ್ದರು. ಪಿ ಕಡಿಮೆಯಾದಾಗಲೂ ಅನುಮಾನಪಡುವ ಗೈಡ್‌ಗಳು ಇನ್ನೂ ಉಳಿದಿದ್ದಾರೆ ಎಂಬುದೇ ಸಂತೋಷ.

ಮಂಡಿ ನೋವಿನ ರೋಗಿಗಳು ವ್ಯಾಯಾಮಕ್ಕೆ ಮೊದಲು ಮಂಡಿಯನ್ನು ಎಷ್ಟು ಡಿಗ್ರಿ ಮಡಿಸುತ್ತಿದ್ದರು, ನಂತರ ಎಷ್ಟು ಮಡಿಸಿದರು ಎಂಬುದು ಅವನ ಅಧ್ಯಯನ. ಒಬ್ಬರನ್ನೇ ಎರಡು ಸಲ ಅಳೆದಿರುವುದರಿಂದ ಒಬ್ಬೊಬ್ಬರ ಎರಡು ಅಳತೆಗಳ ವ್ಯತ್ಯಾಸವನ್ನೇ ಹಿಡಿದು ನೋಡುವ ಜೋಡಿ ಟಿ-ಪರೀಕ್ಷೆ ಬೇಕು. ಅವನು ಆರಿಸಿದ್ದೂ ಅದನ್ನೇ. ಆದರೆ ಹಾಳೆ ತೆರೆದ ಕೂಡಲೇ ಕಣ್ಣಿಗೆ ಹೊಡೆದದ್ದು ಬೇರೆ: "ಮೊದಲು" ಎಂಬ ಕಾಲಂ ಮೇಲಿನಿಂದ ಕೆಳಗೆ ಏರುತ್ತಾ ಹೋಗಿದೆ, "ನಂತರ" ಎಂಬುದೂ ಹಾಗೆಯೇ ಏರಿದೆ. ರೋಗಿಗಳು ಮಂಡಿಯ ಬಿಗಿತ ನೋಡಿಕೊಂಡು ಕ್ಯೂ ನಿಂತು ಹೆಸರು ನೋಂದಾಯಿಸಿದರೇ?

"ಸಾರ್ಟ್ ಮಾಡಿದೆಯೇನಪ್ಪಾ?"

"ಹೌದು ಮೇಡಂ, ನೋಡಲು ಚೆನ್ನಾಗಿರಲಿ ಎಂದು."

ಒಂದು ಕಾಲಂ ಮಾತ್ರ ಆರಿಸಿ ಸಾರ್ಟ್ ಒತ್ತಿದರೆ ಎಕ್ಸೆಲ್ ತಡೆದು ಕೇಳುತ್ತದೆ: ಪಕ್ಕದ ಕಾಲಂಗಳನ್ನೂ ಸೇರಿಸಿಕೊಳ್ಳಲೇ, ಇದೊಂದನ್ನೇ ಮಾಡಲೇ? ಇವನು ಎರಡನೆಯದನ್ನು ಒತ್ತಿದ್ದಾನೆ. ಕಾಲಂಗೊಮ್ಮೆ. ಮದುವೆ ಛತ್ರದ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳಲ್ಲಿ ಎಡಗಾಲಿನವನ್ನೆಲ್ಲ ಒಂದು ಸಾಲು, ಬಲಗಾಲಿನವನ್ನೆಲ್ಲ ಇನ್ನೊಂದು ಸಾಲು ಮಾಡಿ, ಎರಡನ್ನೂ ಅಳತೆಯ ಪ್ರಕಾರ ಜೋಡಿಸಿಟ್ಟ ಹಾಗೆ ಆಗಿತ್ತು. ಒಂದೂ ಕಳೆದುಹೋಗಿಲ್ಲ, ಯಾರದು ಯಾವುದು ಎಂಬುದಷ್ಟೇ ಗೊತ್ತಿಲ್ಲ.

ಬೈದರೆ ತಲೆಗೆ ಹೋಗುವ ವಿಷಯವಲ್ಲ. ಸಂಖ್ಯಾಶಾಸ್ತ್ರದ ಲೆಕ್ಕ ಮಾಡುವ ಆರ್ ತಂತ್ರಾಂಶದ ಜೊತೆಗೇ ಬರುವ ನಿದ್ರೆಯ ದತ್ತಾಂಶವನ್ನು ತೆರೆದೆ. ಹತ್ತು ರೋಗಿಗಳು, ಎರಡು ನಿದ್ರೆಯ ಔಷಧಗಳು. ಪ್ರತಿ ಔಷಧದಿಂದ ಎಷ್ಟು ಗಂಟೆ ಹೆಚ್ಚು ನಿದ್ರೆ ಬಂತು ಎಂಬ ಲೆಕ್ಕ. ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಮಾನಸಿಕ ಆಸ್ಪತ್ರೆಯಲ್ಲಿ ಮಾಡಿದ ಪ್ರಯೋಗವಿದು, 1905ರಲ್ಲಿ ಪ್ರಕಟವಾಯಿತು. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ವಿಲಿಯಂ ಗಾಸೆಟ್, "ಸ್ಟೂಡೆಂಟ್" ಎಂಬ ಗುಪ್ತನಾಮದಲ್ಲಿ 1908ರಲ್ಲಿ, ಇಂದು ಟಿ-ಪರೀಕ್ಷೆ ಎನ್ನುವ ತನ್ನ ಹೊಸ ವಿಧಾನವನ್ನು ತೋರಿಸಲು ಬಳಸಿದ್ದು ಇದೇ ಅಂಕಿಗಳನ್ನು. ಇದರ ಸಹಾಯ ಪುಟದಲ್ಲಿ ಎಚ್ಚರಿಕೆಯೂ ಇದೆ: "ಗುಂಪು" ಎಂಬ ಕಾಲಂನ ಹೆಸರು ದಾರಿ ತಪ್ಪಿಸಬಹುದು, ಇರುವುದು ಹತ್ತೇ ಜನ. ನಮ್ಮ ಹುಡುಗರು ಸಹಾಯ ಪುಟ ಓದಿದ ದಿನ ನನ್ನ ಕೆಲಸ ಹೋಗುತ್ತದೆ, ಇರಲಿ.

ಸರಾಸರಿ 0.75 ಗಂಟೆ ಮತ್ತು 2.33 ಗಂಟೆ, ವ್ಯತ್ಯಾಸ 1.58. ಮೊದಲು ಇವನ್ನು ಇಪ್ಪತ್ತು ಬೇರೆ ಬೇರೆ ಜನರ ಅಂಕಿಗಳೆಂದು ಹೇಳಿ ಓಡಿಸಿದೆ. ಟಿ (ಸರಾಸರಿ ವ್ಯತ್ಯಾಸವನ್ನು ಅಂಕಿಗಳ ಏರುಪೇರಿನ ಅಳತೆಯಿಂದ ಭಾಗಿಸಿದ್ದು, ಇದು ದೊಡ್ಡದಾದಷ್ಟೂ ಪಿ ಚಿಕ್ಕದು) 1.86, ಪಿ 0.079. ನಂತರ ಜೋಡಿಯಾಗಿ ಓಡಿಸಿದೆ. ಟಿ 4.06, ಪಿ 0.0028. ಹುಡುಗನ ಮುಖ ಅರಳಿತು, "ಜೋಡಿ ಎಂದರೆ ಪಿ ಕಡಿಮೆಯಾಗುತ್ತದೆ" ಎಂದು ಬರೆದುಕೊಳ್ಳಲು ಹೊರಟ. ತಡೆದೆ. ಕಡಿಮೆಯಾದದ್ದಕ್ಕೆ ಕಾರಣ ಜನರೇ. ಏಳನೆಯ ರೋಗಿಗೆ ಎರಡೂ ಔಷಧಗಳಿಂದ ಚೆನ್ನಾಗಿ ನಿದ್ರೆ ಬಂದಿದೆ, 3.7 ಮತ್ತು 5.5. ಎರಡನೆಯವರಿಗೆ ಒಂದರಲ್ಲಿ 1.6 ಗಂಟೆ ನಿದ್ರೆ ಕಡಿಮೆಯೇ ಆಗಿದೆ, ಇನ್ನೊಂದರಲ್ಲಿ ಹೆಚ್ಚಿದ್ದು ಬರೀ 0.8. ಬೇರೆ ಬೇರೆ ಗುಂಪು ಎಂದುಕೊಂಡಾಗ ವ್ಯಕ್ತಿಯಿಂದ ವ್ಯಕ್ತಿಗೆ ಇರುವ ಈ ಏರುಪೇರೆಲ್ಲ ಟಿಯ ಛೇದದಲ್ಲಿ ಬಂದು ಕೂರುತ್ತದೆ. ಅವರವರ ವ್ಯತ್ಯಾಸವನ್ನೇ ಹಿಡಿದಾಗ ಅದು ಕಳೆದುಹೋಗುತ್ತದೆ. ಎರಡು ಅಳತೆಗಳ ನಡುವೆ ಸಂಬಂಧವೇ ಇಲ್ಲದಿದ್ದರೆ ಜೋಡಿ ಮಾಡಿ ಲಾಭವೂ ಇಲ್ಲ.

ಮೂರನೆಯ ಸಲ ಅವನ ವಿದ್ಯೆಯನ್ನೇ ಪ್ರಯೋಗಿಸಿದೆ: ಎರಡೂ ಕಾಲಂಗಳನ್ನು ಬೇರೆ ಬೇರೆಯಾಗಿ ಏರಿಕೆ ಕ್ರಮಕ್ಕೆ ತಂದು ಜೋಡಿ ಪರೀಕ್ಷೆ. ಸರಾಸರಿ ವ್ಯತ್ಯಾಸ ಅದೇ 1.58. ಟಿ 9.27!

ಐದನೆಯ ರೋಗಿಗೆ ಎರಡು ಔಷಧಗಳ ನಡುವೆ ಯಾವ ವ್ಯತ್ಯಾಸವೂ ಇರಲಿಲ್ಲ, ಒಂಬತ್ತನೆಯವರಿಗೆ 4.6 ಗಂಟೆಯ ವ್ಯತ್ಯಾಸ ಇತ್ತು. ಸಾರ್ಟ್ ಮಾಡಿದ ಪಟ್ಟಿಯಲ್ಲಿ ಇವರಿಬ್ಬರೂ ಮಾಯ. ಈಗ ಅತಿ ಕಡಿಮೆ ವ್ಯತ್ಯಾಸ 1.0, ಅತಿ ಹೆಚ್ಚು 2.6. ಎಲ್ಲರಿಗೂ ಹೆಚ್ಚುಕಡಿಮೆ ಸಮನಾಗಿ ಗುಣ ಕೊಟ್ಟ ಅದ್ಭುತ ಔಷಧ. ತಂತ್ರಾಂಶ ಕೆಂಪು ಅಕ್ಷರದಲ್ಲಿ ಒಂದು ಎಚ್ಚರಿಕೆಯನ್ನೂ ಕೊಡಲಿಲ್ಲ. ಕೊಡಲು ಅದಕ್ಕೇನು ಗೊತ್ತು? ಅದು ವಾರ್ಡಿಗೆ ಬಂದಿಲ್ಲ.

ಹುಡುಗ ತೀರಾ ಕುಗ್ಗಿದ್ದನ್ನು ನೋಡಿ ಹತ್ತೊಂಬತ್ತನೆಯ ಶತಮಾನದ ಸಂಖ್ಯಾಶಾಸ್ತ್ರಜ್ಞ ಗಾಲ್ಟನ್‌ನ ಕಥೆ ಹೇಳಿದೆ. ಡಾರ್ವಿನ್ ಮೆಕ್ಕೆಜೋಳದ ಸಸಿಗಳನ್ನು, ಪರಕೀಯ ಪರಾಗಸ್ಪರ್ಶದ್ದೊಂದು ಸ್ವಕೀಯದ್ದೊಂದು ಎಂದು, ಒಂದೇ ಕುಂಡದಲ್ಲಿ ಎದುರುಬದುರು ಬೆಳೆಸಿ ಹದಿನೈದು ಜೋಡಿಗಳ ಎತ್ತರ ಅಳೆದಿದ್ದ. 1876ರಲ್ಲಿ ಪ್ರಕಟವಾದ ಆ ಅಂಕಿಗಳನ್ನು ಪರಿಶೀಲಿಸಲು ಸೋದರಸಂಬಂಧಿ ಗಾಲ್ಟನ್‌ಗೆ ಕೊಟ್ಟರೆ, ಆ ಮಹಾಶಯ ಎರಡೂ ಬಗೆಯ ಎತ್ತರಗಳನ್ನು ಗಾತ್ರದ ಕ್ರಮದಲ್ಲಿ ಜೋಡಿಸಿಬಿಟ್ಟ. 1935ರಲ್ಲಿ ಸಂಖ್ಯಾಶಾಸ್ತ್ರಜ್ಞ ಫಿಶರ್ ಇದನ್ನು ಎತ್ತಿ ಟೀಕಿಸಿ, ಮೂಲ ಜೋಡಿಗಳಲ್ಲೇ ಲೆಕ್ಕ ಹಾಕಿದ: ಟಿ 2.148, ಪಿ 0.05ಕ್ಕಿಂತ ಕೂದಲೆಳೆಯಷ್ಟು ಕೆಳಗೆ. "ಗಾಲ್ಟನ್‌ಗೂ ಹೀಗಾಗಿತ್ತೇ ಮೇಡಂ?" ಎಂದು ಹುಡುಗ ಸ್ವಲ್ಪ ನೆಟ್ಟಗೆ ಕುಳಿತ.

ಆರ್‌ನ ಈ ವರ್ಷದ 4.4.0 ಆವೃತ್ತಿಯಿಂದ, ಎರಡೂ ಸಲದ ಅಳತೆಗಳನ್ನು ಒಂದೇ ಕಾಲಂನಲ್ಲಿ ಒಂದರ ಕೆಳಗೊಂದು ಬರೆದ ಉದ್ದ ಪಟ್ಟಿಗೆ ಸೂತ್ರ ಬರೆದು "ಜೋಡಿ" ಎಂದರೆ ಅದು ಖಡಾಖಂಡಿತವಾಗಿ ನಿರಾಕರಿಸುತ್ತದೆ. ಹಳೆಯ ಪಾಠದ ಟಿಪ್ಪಣಿಗಳೆಲ್ಲ ಕೆಟ್ಟವು ಎಂದು ಸಹೋದ್ಯೋಗಿಗಳು ಗೊಣಗುತ್ತಿದ್ದಾರೆ. ನನಗಂತೂ ಖುಷಿ. ಯಾರು ಯಾರಿಗೆ ಜೋಡಿ ಎಂಬುದು ಅಲ್ಲಿ ಸಾಲುಗಳ ಕ್ರಮದ ಮೇಲೆ ಮಾತ್ರ ನಿಂತಿತ್ತು. ಎಕ್ಸೆಲ್‌ನಲ್ಲಿ ಈಗಲೂ T.TEST ಸೂತ್ರದ ಕೊನೆಯಲ್ಲಿ 1 ಎಂದು ಬರೆದರೆ ಜೋಡಿ, 2 ಅಥವಾ 3 ಎಂದರೆ ಬೇರೆ ಬೇರೆ ಗುಂಪು. ಒಂದು ಅಂಕಿ ಬೆರಳಚ್ಚು ತಪ್ಪಿದರೆ ಅಧ್ಯಯನದ ವಿನ್ಯಾಸವೇ ಬದಲು.

ಕೇಸ್ ಶೀಟ್‌ಗಳು ಇವೆಯಂತೆ, ಅದೊಂದು ಪುಣ್ಯ. ಆಸ್ಪತ್ರೆ ಸಂಖ್ಯೆಯನ್ನು ಮೊದಲ ಕಾಲಂನಲ್ಲಿ ಬರೆದು ಎಲ್ಲವನ್ನೂ ಮತ್ತೆ ತುಂಬಿಸಲು ಹೇಳಿದೆ. "ಪಿ ಬಾರದಿದ್ದರೆ?" ಎಂದು ಕೇಳಿದ, ಕೇಳದೆ ಇರುತ್ತಾನೆಯೇ. ಕೋಷ್ಟಕದಲ್ಲಿ ಮೊದಲು ಸರಾಸರಿ ವ್ಯತ್ಯಾಸವನ್ನೂ ಅದರ 95% ವಿಶ್ವಾಸ ವ್ಯಾಪ್ತಿಯನ್ನೂ (ನಿಜವಾದ ವ್ಯತ್ಯಾಸ ಇರಬಹುದಾದ ಮಿತಿಗಳನ್ನೂ) ಬರೆ ಎಂದೆ. ನಿದ್ರೆಯ ಲೆಕ್ಕದಲ್ಲಿ ಅದು 0.70ರಿಂದ 2.46 ಗಂಟೆ. ಮಂಡಿ ಎಷ್ಟು ಡಿಗ್ರಿ ಹೆಚ್ಚು ಮಡಿಸಿತು ಎಂದು ಗೈಡ್ ಕೇಳಿಯೇ ಕೇಳುತ್ತಾರೆ, ಸೊನ್ನೆಗಳನ್ನು ಎಣಿಸುವುದಿಲ್ಲ.

ಸೋಮವಾರ ತರುತ್ತೇನೆ ಎಂದ. ಸೋಮವಾರ ಕನಕ ಜಯಂತಿ, ರಜೆ. ಮಂಗಳವಾರ ಹನ್ನೊಂದಕ್ಕೆ ಬರಲು ಹೇಳಿದ್ದೇನೆ.